ನೂರಿಪ್ಪತ್ತು ಐಟಂನ ಕೆಂಪು ಚೀಲ, ಹದಿನಾರು ಸಾಮಾನಿನ ಡಬ್ಬಿ

ಕೆಂಪು ಚೀಲ ಕೊಟ್ಟವರ ಬಗ್ಗೆ ನನಗೆ ಒಂದಿಷ್ಟೂ ಬೇಜಾರಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ಪಕ್ಕದ ಕಾಫಿ ತೋಟದ ಸಾಹುಕಾರರ ಮನೆಯವರು ಅವರು. ವರ್ಷವೂ ನೋಟ್‌ಬುಕ್ ಕೊಡುತ್ತಾರೆ, ಆಗಸ್ಟ್ ಹದಿನೈದಕ್ಕೆ ಲಾಡು ಕಳಿಸುತ್ತಾರೆ. ಹೋದ ಜೂನ್‌ನಲ್ಲಿ ಆನ್‌ಲೈನ್‌ನಲ್ಲಿ ಒಂದು ಫಸ್ಟ್ ಏಡ್ ಕಿಟ್ ತರಿಸಿ ಕೊಟ್ಟರು. ಆಮೇಲೆ ಸಿಕ್ಕಾಗಲೆಲ್ಲ "ಕಿಟ್ ಹೇಗಿದೆ ಟೀಚರ್?" ಅಂತ ಕೇಳುತ್ತಿದ್ದರು. ನಾನು "ತುಂಬಾ ಚೆನ್ನಾಗಿದೆ ಮೇಡಂ" ಅನ್ನುತ್ತಿದ್ದೆ. ಒಂಬತ್ತು ತಿಂಗಳು ಹೀಗೇ ನಡೆಯಿತು. ಹೋದ ವಾರ ಸಿಕ್ಕಿಬಿದ್ದೆ. ಆ ಕಥೆ ಕೊನೆಗೆ ಹೇಳುತ್ತೇನೆ.

ನಮ್ಮದು ಮೂಡಿಗೆರೆ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ಕ್ಲಾಸು, 27 ಮಕ್ಕಳು, ಇಬ್ಬರು ಟೀಚರು. ಮುಕ್ಕಾಲು ಪಾಲು ಮಕ್ಕಳು ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲುಮನೆಯವರು. ಇಬ್ಬರಲ್ಲಿ ಒಬ್ಬರು ಮೀಟಿಂಗು, ಟ್ರೇನಿಂಗು ಅಂತ ಹೋದರೆ ಶಾಲೆಯಲ್ಲಿ ಉಳಿಯುವುದು ನಾನು ಮತ್ತು ಬಿಸಿಯೂಟದ ಅಕ್ಕ. ಯಾರಿಗಾದರೂ ಏನಾದರೂ ಆದರೆ ಎರಡೇ ಜೊತೆ ಕೈ. ಅದರಲ್ಲೂ ಒಂದು ಜೊತೆ ಒಲೆಯ ಮುಂದೆ ಇರುತ್ತದೆ. ಕಿಟ್ ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ಅಳೆಯುವುದು ಇದನ್ನು ಇಟ್ಟುಕೊಂಡೇ. ಎಡಗೈಯಲ್ಲಿ ಅಳುವ ಮಗು ಇದೆ. ಬಲಗೈಗೆ ಬೇಕಾದ್ದು ಸಿಗುತ್ತದೋ ಇಲ್ಲವೋ?

ಚೀಲ ನೋಡಲು ಬಲು ಚೆಂದ. ಕೆಂಪು ಬಟ್ಟೆ, ಬಿಳಿ ಪ್ಲಸ್ ಗುರುತು, ಮೂರು ಮಡಿಕೆ, ಸುತ್ತಲೂ ಜಿಪ್ಪು. ಸ್ಟಿಕ್ಕರ್ ಮೇಲೆ 2,499 ರೂಪಾಯಿ ಅಂತ ಇತ್ತು, ಅವರಿಗೆ ಬಿದ್ದದ್ದು 1,149. ಹೊರಗೆ ದೊಡ್ಡದಾಗಿ 120 ಐಟಂ ಅಂತ ಬರೆದಿತ್ತು. ಒಂದು ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಎಲ್ಲ ಟೇಬಲ್ ಮೇಲೆ ಸುರಿದು ಎಣಿಸಿದೆ. ಸ್ಪಿರಿಟ್ ಹಾಕಿದ ಕಾಗದದ ಪೊಟ್ಟಣ 40. ಬಟಾಣಿ ಗಾತ್ರದ ಗುಂಡು ಪ್ಲಾಸ್ಟರ್ 30. ಸೇಫ್ಟಿ ಪಿನ್ನು 20. ಕಿವಿಗೆ ಹಾಕುವ ಹತ್ತಿ ಕಡ್ಡಿ 12. ಅಲ್ಲಿಗೇ 102 ಆಯಿತು. ಉಳಿದ ಹದಿನೆಂಟರಲ್ಲಿ ಒಂದು ವಿಷಲ್ಲು, ಒಂದು ದಿಕ್ಸೂಚಿ, ಬೆಳ್ಳಿ ಬಣ್ಣದ ಹಾಳೆಯಂಥ ಹೊದಿಕೆ, ಪ್ಲಾಸ್ಟಿಕ್ ಚಿಮಟ, ಎರಡು ಬೆರಳಗಲದ ಒಂದೇ ಒಂದು ಬ್ಯಾಂಡೇಜ್ ಸುರುಳಿ, ಮತ್ತೆ ಇಂಗ್ಲಿಷಿನಲ್ಲಿ ಬರೆದ ಸಣ್ಣ ಪುಸ್ತಕ. ಕಾಡಿನಲ್ಲಿ ದಾರಿ ತಪ್ಪಿದವರಿಗೆ ಮಾಡಿದ ಚೀಲ ಅನಿಸಿತು. ನಮ್ಮ ಮಕ್ಕಳು ಹುಟ್ಟಿದ್ದೇ ಕಾಡಿನ ಅಂಚಿನಲ್ಲಿ. ಅವರಿಗೆ ದಾರಿ ತಪ್ಪುವುದಿಲ್ಲ, ಮೆಟ್ಟಿಲು ತಪ್ಪುತ್ತದೆ.

ತಪ್ಪಿದ್ದು ಜೂನ್ ಮೂರನೇ ವಾರ. ಮಳೆಗೆ ಜಗಲಿಯೆಲ್ಲ ಪಾಚಿ ಕಟ್ಟಿತ್ತು. ಮೂರನೇ ಕ್ಲಾಸಿನ ಹುಡುಗ ಊಟದ ತಟ್ಟೆ ತೊಳೆಯಲು ಓಡಿ ಜಾರಿದ. ಮೊಣಕಾಲ ಕೆಳಗೆ ಮೆಟ್ಟಿಲಿನ ಅಂಚು ಬಡಿದು ಚರ್ಮ ಬಾಯಿ ಬಿಟ್ಟಿತು. ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದೇ ಕೈಯಲ್ಲಿ ಜಿಪ್ಪು ಎಳೆದೆ. ಮೂಲೆಯಲ್ಲಿ ಸಿಕ್ಕಿಕೊಂಡಿತು. ಜೋರಾಗಿ ಎಳೆದೆ. ಮೂರೂ ಮಡಿಕೆ ಒಟ್ಟಿಗೆ ತೆರೆದು 120 ಐಟಂ ಜಗಲಿಯ ಕೆಸರಿಗೆ ಬಿತ್ತು. ಸೇಫ್ಟಿ ಪಿನ್ನು ಚೆಲ್ಲಾಪಿಲ್ಲಿ, ಬರಿಗಾಲಿನ ಮಕ್ಕಳೆಲ್ಲ ಸುತ್ತ ನಿಂತಿದ್ದಾರೆ. "ಯಾರೂ ಅಲ್ಲಾಡಬೇಡಿ" ಅಂತ ಕೂಗಿದೆ. ಎರಡು ಬೆರಳಗಲದ ಸುರುಳಿ ಮೂರು ಸುತ್ತಿಗೆ ಮುಗಿಯಿತು. ಟೇಪು ಒದ್ದೆ ಚರ್ಮಕ್ಕೆ ಅಂಟಲಿಲ್ಲ. ಕೊನೆಗೆ ಅಕ್ಕ ತನ್ನ ಒಗೆದ ಟವೆಲ್ ತಂದು ಒತ್ತಿ ಹಿಡಿದಳು. ರಕ್ತ ನಿಂತಿತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಬಿತ್ತು.

ಇಡೀ ಚೀಲದಲ್ಲಿ ಆವತ್ತು ಉಪಯೋಗಕ್ಕೆ ಬಂದದ್ದು ವಿಷಲ್ಲು ಮಾತ್ರ. ಮಕ್ಕಳನ್ನು ಒಳಗೆ ಕಳಿಸಲು ಊದಿದೆ.

ಜುಲೈ ಹೊತ್ತಿಗೆ ಚೀಲದ ಕಥೆ ಮುಗಿಯಿತು. ನಮ್ಮ ಕಡೆ ಮಳೆಗಾಲ ಅಂದರೆ ಗೊತ್ತಲ್ಲ. ಡಬ್ಬಿಯ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಸೀಮೆಸುಣ್ಣ ಬೋರ್ಡಿನ ಮೇಲೆ ಜಾರುತ್ತದೆ. ಬಟ್ಟೆ ಚೀಲ ಏನು ತಡೆಯುತ್ತದೆ? ಕತ್ತರಿ ತುಕ್ಕು ಹಿಡಿಯಿತು. ಗುಂಡು ಪ್ಲಾಸ್ಟರಿನ ಅಂಟು ಕಾಗದದಲ್ಲೇ ಉಳಿದುಕೊಂಡಿತು. ಒಳಗಿನ ಜೇಬಿಗೆ ಹಸಿರು ಪುಡಿ ಕೂತಿತ್ತು. ಗಾಯಕ್ಕೆ ಕಟ್ಟುವ ಬಟ್ಟೆ ಇಡುವ ಜಾಗದಲ್ಲಿ ಬೂಷ್ಟು ನೋಡಿದ ಮೇಲೆ ನನಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ.

ಶಾಲೆಯ ಉಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಮೀಟಿಂಗಿನಲ್ಲಿ ವಿಷಯ ಇಟ್ಟೆ. ಮೂವತ್ತರ ಒಳಗೆ ಮಕ್ಕಳಿರುವ ಶಾಲೆಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಅನುದಾನ ವರ್ಷಕ್ಕೆ 10,000 ರೂಪಾಯಿ. ಸುಣ್ಣಬಣ್ಣ, ನಲ್ಲಿ ರಿಪೇರಿ, ಸೀಮೆಸುಣ್ಣ ಎಲ್ಲ ಅದರಲ್ಲೇ ಆಗಬೇಕು. ಅದರಲ್ಲಿ ಸಾವಿರ ರೂಪಾಯಿ ತೆಗೆಯಲು ಅಧ್ಯಕ್ಷರು ಒಪ್ಪಿದರು, ಒಂದೇ ಕಂಡೀಷನ್: "ಬಿಲ್ ಬೇಕು ಟೀಚರ್, ಆಡಿಟ್‌ನಲ್ಲಿ ನಾನು ಉತ್ತರ ಕೊಡೋಕಾಗಲ್ಲ."

ಹೀಗೆ ನಾನು ಮೂಡಿಗೆರೆ ಪೇಟೆಯ ಆ ಮೆಡಿಕಲ್ ಶಾಪಿಗೆ ಹೋದದ್ದು. ಹೆಸರು ಬರೆಯುತ್ತಿಲ್ಲ, ಅವರೇ ಬೇಡ ಅಂದರು. "ಹೆಸರು ಹಾಕಿದ್ರೆ ಎಲ್ಲ ಸ್ಕೂಲಿನವ್ರೂ ಬಂದು ಸಾಲ ಕೇಳ್ತಾರೆ" ಅಂದರು. ಅಂಗಡಿ ಹಳೆಯದು, ಮರದ ಕಪಾಟು, ಕಿರಿದಾದ ಕಟ್ಟೆ. ಗಲ್ಲಾದಲ್ಲಿ ಯಜಮಾನರು, ಒಳಗೆ ಔಷಧಿ ಹುಡುಕಿ ಕೊಡುವವಳು ಮಗಳು. "ಒಂದು ಫಸ್ಟ್ ಏಡ್ ಬಾಕ್ಸ್ ಕೊಡಿ" ಅಂದೆ. ಗೋಡೆಯಲ್ಲಿ ರೆಡಿ ಡಬ್ಬಿ ನೇತಾಡುತ್ತಿತ್ತು. ಅದನ್ನು ತೆಗೆದು ಕೊಟ್ಟು ದುಡ್ಡು ಇಸಿದುಕೊಂಡಿದ್ದರೆ ಎರಡು ನಿಮಿಷದ ವ್ಯಾಪಾರ. ಅವರು ಕೊಡಲಿಲ್ಲ. ಕುರ್ಚಿ ತೋರಿಸಿ ಕೇಳಲು ಶುರು ಮಾಡಿದರು.

ಮಕ್ಕಳು ಎಷ್ಟು ಜನ? ಆಟದ ಜಾಗ ಮಣ್ಣೋ ಸಿಮೆಂಟೋ? ನಲ್ಲಿ ಎಷ್ಟು ದೂರ, ಬೇಸಿಗೆಯಲ್ಲೂ ನೀರು ಬರುತ್ತಾ? ಆಸ್ಪತ್ರೆಗೆ ಹೋಗಲು ಗಾಡಿ ಯಾರದ್ದು? ಕೊನೆಗೆ ಒಂದು ಕೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ನೀವು ರಜೆ ಇದ್ದ ದಿನ ಡಬ್ಬಿ ತೆಗೆಯೋರು ಯಾರು?"

ನನ್ನ ಸಹೋದ್ಯೋಗಿ ತೆಗೆಯುತ್ತಾರೆ. ಅವರೂ ಇಲ್ಲದಿದ್ದರೆ ಅಕ್ಕ. ಅಕ್ಕನಿಗೆ ಓದಲು ಬರುವುದಿಲ್ಲ. ಅದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಗಳಿಗೆ ಮೂರು ಪಾರದರ್ಶಕ ಜಿಪ್ ಕವರ್ ತರಲು ಹೇಳಿದರು. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕೆಂಪು ಹನಿ ಬರೆದರು, ರಕ್ತ ಬಂದರೆ ಇದು. ಎರಡನೆಯದರ ಮೇಲೆ ಹುಳದ ಚಿತ್ರ, ಕಚ್ಚಿದ್ದಕ್ಕೆ ಮತ್ತು ತುರಿಕೆಗೆ. ಮೂರನೆಯದರ ಮೇಲೆ ಲೋಟ, ವಾಂತಿ, ಭೇದಿ, ಜ್ವರಕ್ಕೆ. ಹುಳ ನೋಡಲು ಮೀನಿನ ಹಾಗಿತ್ತು. ಇರಲಿ, ಅಕ್ಕನಿಗೆ ಅರ್ಥವಾಯಿತು.

ಡಬ್ಬಿ ಅಂದರೆ ಆಸ್ಪತ್ರೆಯ ಡಬ್ಬಿ ಅಲ್ಲ. ಪಕ್ಕದ ಪಾತ್ರೆ ಅಂಗಡಿಯಿಂದ ತರಿಸಿದ, ಅಕ್ಕಿ ಬೇಳೆ ಹಾಕಿಡುವ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಗಾಳಿ ಹೋಗದ ಮುಚ್ಚಳ, ನಾಲ್ಕು ಕಡೆ ಕ್ಲಿಪ್ಪು. ಒಳಗಿರುವುದೆಲ್ಲ ಹೊರಗಿನಿಂದಲೇ ಕಾಣುತ್ತದೆ. ಅದರೊಳಗೆ ಹೋದದ್ದು ಹದಿನಾರು ಸಾಮಾನು. ಎಲ್ಲ ಹೇಳಿ ಬೇಜಾರು ಮಾಡುವುದಿಲ್ಲ, ಯಾಕೆ ಹಾಕಿದರು ಅನ್ನುವುದು ಕೆಲವದ್ದು ಹೇಳುತ್ತೇನೆ.

ಹತ್ತಿ ಕೇಳಿದೆ, ಕೊಡಲಿಲ್ಲ. ಹತ್ತಿಯ ಎಳೆ ಗಾಯಕ್ಕೆ ಅಂಟಿ ಕೂರುತ್ತದೆ, ಆಮೇಲೆ ಕೀಳುವಾಗ ಮತ್ತೆ ರಕ್ತ. ಅದರ ಬದಲು ಒಂದೊಂದೇ ಪೊಟ್ಟಣದಲ್ಲಿರುವ, ಗಾಜ್ ಅನ್ನುವ ತೆಳು ಜಾಳು ಬಟ್ಟೆಯ ತುಂಡು. ಬ್ಯಾಂಡೇಜ್ ಸುರುಳಿ ನನ್ನ ಅಂಗೈ ಅಗಲದ್ದು, ಆರು. ಗಾಯಕ್ಕೆ ಸುರಿಯುವ ಕೆಂಪು, ನೀಲಿ ಔಷಧಿ ಯಾವುದೂ ಬೇಡ, ಮೊದಲು ನಲ್ಲಿ ನೀರು ಮತ್ತು ಸೋಪು, ಆಮೇಲೆ ಬೆಟಾಡಿನ್ ಮುಲಾಮು ಸ್ವಲ್ಪ ಅಂದರು. ನಲ್ಲಿ ಕೈಕೊಟ್ಟ ದಿನಕ್ಕೆ ಸಲೈನ್ ಬಾಟ್ಲಿ. ಮೈಗೆ ಹಚ್ಚುವ ಮಾಮೂಲಿ ಸೋಪು ಒಂದನ್ನು ಡಬ್ಬಿಯಲ್ಲೇ ಇಟ್ಟರು. ನಾನು ನಕ್ಕೆ. "ನಗಬೇಡಿ ಮೇಡಂ, ಈ ಡಬ್ಬೀಲಿ ಜೀವ ಉಳಿಸೋ ಸಾಮಾನು ಇದೊಂದೇ" ಅಂದರು. ನವೆಂಬರ್ ತನಕ ನನಗದು ಅರ್ಥವಾಗಲಿಲ್ಲ.

ಜ್ವರದ ಸಿರಪ್ ಕೇಳಿದಾಗ ಅವರು ಮುಖ ಸಿಂಡರಿಸಿದರು. ಕಪಾಟಿನಿಂದ ಎರಡು ಬಾಟ್ಲಿ ತೆಗೆದು ಪಕ್ಕಪಕ್ಕ ಇಟ್ಟರು. ಎರಡೂ ಪ್ಯಾರಾಸಿಟಮಾಲ್, ಎರಡೂ ನೋಡಲು ಒಂದೇ ಥರ. ಒಂದರಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಮಗುವಿಗೆ ಎಷ್ಟು ಕೊಡಬೇಕು ಅನ್ನುವುದು ತೂಕದ ಮೇಲೆ ನಿಂತಿದೆ. ಗಡಿಬಿಡಿಯಲ್ಲಿ ಬಾಟ್ಲಿ ಅದಲುಬದಲಾದರೆ ಡೋಸು ದುಪ್ಪಟ್ಟು. ಮನೆಯಲ್ಲಿ ಬೆಳಿಗ್ಗೆ ಅಮ್ಮ ಕೊಟ್ಟು ಕಳಿಸಿದ್ದರೆ ಅದರ ಮೇಲೆ ಇನ್ನೊಂದು. "ಥರ್ಮಾಮೀಟರ್ ಇಟ್ಕೊಳ್ಳಿ, ಬರೆದು ಇಡಿ, ಮನೆಯವ್ರಿಗೆ ಫೋನ್ ಮಾಡಿ. ಔಷಧಿ ಡಾಕ್ಟ್ರು ಕೊಡ್ಲಿ." ವ್ಯಾಪಾರ ಬಿಟ್ಟು ಹೀಗೆ ಹೇಳುವ ಅಂಗಡಿಯವರು ಎಷ್ಟು ಜನ ಇದ್ದಾರೆ ಹೇಳಿ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಸುದ್ದಿ 2025ರಲ್ಲಿ ಪೇಪರಿನಲ್ಲಿ ಬಂದಾಗ ನನಗೆ ಆ ಎರಡು ಬಾಟ್ಲಿಗಳೇ ಕಣ್ಣಿಗೆ ಬಂದವು.

ಓಆರ್‌ಎಸ್ ಐದು ಪ್ಯಾಕೆಟ್ ಕೊಟ್ಟರು. ಇಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ನಾನು ಆ ಪುಡಿಯನ್ನು ಲೋಟಕ್ಕೆ ಒಂದು ಚಮಚದ ಲೆಕ್ಕದಲ್ಲಿ ಕಲಸಿ ಕೊಟ್ಟಿದ್ದೇನೆ. ಪ್ಯಾಕೆಟ್ ಹಿಂದೆ ಬರೆದಿದೆ: ಪೂರ್ತಿ ಪ್ಯಾಕೆಟ್, ಪೂರ್ತಿ ಒಂದು ಲೀಟರ್ ನೀರು. ಉಪ್ಪು ಸಕ್ಕರೆಯ ಲೆಕ್ಕ ಸರಿಯಾಗಿ ಕೂರುವುದು ಆಗಲೇ. ಕಲಸಿದ್ದನ್ನು 24 ಗಂಟೆಯಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಒಂದು ಲೀಟರಿನ ಬಾಟ್ಲಿಯೊಂದನ್ನು ಗೆರೆ ಹಾಕಿ ಡಬ್ಬಿಯ ಪಕ್ಕವೇ ಇಟ್ಟಿದ್ದೇನೆ. ಅಂಗಡಿಗಳಲ್ಲಿ ಓಆರ್‌ಎಸ್ ಅಂತ ಹೆಸರು ಹೊತ್ತು ಮಾರುತ್ತಿದ್ದ ಸಿಹಿ ಜ್ಯೂಸ್ ಡಬ್ಬಿಗಳಿಗೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿತಲ್ಲ, ನಮ್ಮ ಮಕ್ಕಳ ಅಪ್ಪಂದಿರು ಭೇದಿ ಆದಾಗ ತರುತ್ತಿದ್ದದ್ದು ಅದನ್ನೇ.

ಯಜಮಾನರ ಪಟ್ಟಿಯಲ್ಲಿ ಇದ್ದದ್ದು ಹದಿನೈದೇ. ನಾನು ಎದ್ದು ಹೊರಡುವಾಗ ಮಗಳು ಒಳಗಿಂದ ಬಂದು ಡಬ್ಬಿಯ ತಳಕ್ಕೆ ಕಾಗದದಲ್ಲಿ ಸುತ್ತಿದ ಎರಡು ಪ್ಯಾಡ್ ಇಟ್ಟಳು. "ಐದನೇ ಕ್ಲಾಸಿನ ಹೆಣ್ಣುಮಕ್ಕಳಿದಾರಲ್ವಾ ಮೇಡಂ" ಅಂದಳು. ಯಜಮಾನರು ಆಚೆ ನೋಡಿದರು. ಜನವರಿಯಲ್ಲಿ ಒಬ್ಬಳಿಗೆ ಬೇಕಾಯಿತು. ಹತ್ತೂವರೆ ವರ್ಷದ ಮಗು, ಏನಾಗಿದೆ ಅಂತಲೇ ಗೊತ್ತಿಲ್ಲದೆ ಬೆಂಚಿನಿಂದ ಏಳದೆ ಕೂತಿತ್ತು. ಆ ಮೂಲೆಯಲ್ಲಿ ಅದು ಇಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆನೋ.

ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿ ಪ್ರತಿ ಸಾಮಾನಿನ ಎಕ್ಸ್‌ಪೈರಿ ತಿಂಗಳು ಬರೆದುಕೊಟ್ಟರು. ಕೆಳಗೆ ದೊಡ್ಡದಾಗಿ ಆಂಬುಲೆನ್ಸಿನ 108 ಮತ್ತು ಮಕ್ಕಳ ಸಹಾಯವಾಣಿಯ 1098. ಹಾವಿಗೆ, ಫಿಟ್ಸಿಗೆ ಈ ಡಬ್ಬಿಯಲ್ಲಿ ಔಷಧಿ ಇಲ್ಲ ಅಂತ ಅಕ್ಕನಿಗೂ ಹೇಳಿ ಅಂದರು. ಹಾವು ಕಚ್ಚಿದರೆ ಕಟ್ಟು ಹಾಕುವುದು, ಕೊಯ್ಯುವುದು ಮಾಡಬೇಡಿ, ಮಗುವನ್ನು ನಡೆಸಬೇಡಿ, ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿಕೈ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ, ಪಕ್ಕಕ್ಕೆ ಮಲಗಿಸಿ. ಕೀಲಿಕೈ ವಿಷಯ ಅಕ್ಕ ಇನ್ನೂ ನಂಬಿಲ್ಲ.

ಒಟ್ಟು 940 ರೂಪಾಯಿ ಆಯಿತು. ಡಬ್ಬಿಗೇ 180.

ಈಗ ನವೆಂಬರ್ ಕಥೆ. ಬಿಸಿಯೂಟ ಮುಗಿದ ಮೇಲೆ ಉಳಿದ ಅನ್ನಕ್ಕೆ ನಾಯಿಗಳು ಬರುತ್ತವೆ, ಎಷ್ಟು ಓಡಿಸಿದರೂ ಅಷ್ಟೇ. ಶಾಲೆ, ಆಸ್ಪತ್ರೆಗಳ ಒಳಗಿನಿಂದ ಬೀದಿನಾಯಿಗಳನ್ನು ಹೊರಗೆ ಸಾಗಿಸಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದೂ ಅದೇ ನವೆಂಬರಿನಲ್ಲಿ. ನಮ್ಮ ಶಾಲೆಗೆ ಕಾಂಪೌಂಡು ಮೂರೇ ಕಡೆ ಇದೆ. ಎರಡನೇ ಕ್ಲಾಸಿನ ಹುಡುಗಿ ತಟ್ಟೆ ತೊಳೆಯುವಾಗ ನಾಯಿಮರಿ ಮುಟ್ಟಲು ಹೋಗಿದ್ದಾಳೆ. ತಾಯಿ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲಿನ ಗುರುತು, ರಕ್ತ ಜಾಸ್ತಿ ಇಲ್ಲ. ಅಕ್ಕ ಅರಿಶಿನ ತರಲು ಓಡಿದಳು. ನಾನು ಡಬ್ಬಿಗೆ ಓಡಿದೆ. ಕ್ಲಿಪ್ಪು ತೆಗೆದರೆ ಎದುರಿಗೇ ಸೋಪು.

ಯಜಮಾನರು ಹೇಳಿದ್ದರು: ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ಏನೂ ಹಚ್ಚಬೇಡಿ, ಕಟ್ಟಬೇಡಿ, ಆಮೇಲೆ ಆಸ್ಪತ್ರೆ. ಹದಿನೈದು ನಿಮಿಷ ಅಂದರೆ ಹೇಳಲು ಸುಲಭ. ಅಳುವ ಏಳು ವರ್ಷದ ಮಗುವಿನ ಕಾಲನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ, ಮೂರು ನಿಮಿಷಕ್ಕೇ ಸಾಕು ಅನಿಸುತ್ತದೆ. ನನ್ನ ಸೀರೆಯೆಲ್ಲ ಒದ್ದೆ, ಅವಳಿಗೆ ಚಳಿ. ನಾಲ್ಕನೇ ಕ್ಲಾಸಿನ ಒಬ್ಬ "ಮಿಸ್, ನಾವು ಮಗ್ಗಿ ಹೇಳ್ತೀವಿ, ಅವ್ಳಿಗೆ ಟೈಮ್ ಹೋಗುತ್ತೆ" ಅಂದ. ಎಲ್ಲರೂ ನಲ್ಲಿಯ ಸುತ್ತ ನಿಂತು ಎರಡರ ಮಗ್ಗಿಯಿಂದ ಶುರು ಮಾಡಿದರು. ಹತ್ತರ ಮಗ್ಗಿಗೆ ಬರುವಾಗ ಐದು ನಿಮಿಷ ಚಿಲ್ಲರೆ. ಮತ್ತೆ ಎರಡರಿಂದ. ಎರಡನೇ ಸಲ ಅವಳೂ ಬಿಕ್ಕುತ್ತಲೇ ಐದರ ಮಗ್ಗಿ ಹೇಳಿದಳು. ಏಳರ ಮಗ್ಗಿಯಲ್ಲಿ ಎಲ್ಲರೂ ತಪ್ಪಿದರು, ನಾನು ತಿದ್ದಲಿಲ್ಲ. ಮೂರು ಸುತ್ತು ಮುಗಿಯುವ ಹೊತ್ತಿಗೆ ಸೋಪು ಅರ್ಧ ಸವೆದಿತ್ತು, ಅವಳ ಕಾಲಿನ ಬೆರಳು ಮುದುಡಿ ಬಿಳಿಯಾಗಿದ್ದವು.

ತೋಟದ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಕೇಳಿದ್ದೇ "ತೊಳೆದ್ರಾ?" ಅಂತ. ಗಾಯದ ಸುತ್ತ ಒಂದು ಇಂಜೆಕ್ಷನ್, ತೋಳಿಗೆ ಲಸಿಕೆ. ಮತ್ತೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಬರಬೇಕು ಅಂತ ಚೀಟಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಅವರಮ್ಮ ಮೂರು ದಿನದ ಕೂಲಿ ಬಿಟ್ಟು ಕರೆದುಕೊಂಡು ಹೋದಳು. ಇಪ್ಪತ್ತೆಂಟನೇ ದಿನದ್ದು ಬೇಡ ಅಂತ ಹಠ ಮಾಡಿದಳು, ಕಾಫಿ ಕೊಯ್ಲು ಶುರುವಾಗಿತ್ತು. ಮನೆಗೆ ಹೋಗಿ ನಾನೇ ಕರೆದುಕೊಂಡು ಹೋದೆ. ಆ ಸೋಪಿನ ಬೆಲೆ ಬಿಲ್ಲಿನಲ್ಲಿ 38 ರೂಪಾಯಿ.

ಉಳಿದದ್ದು ಸಣ್ಣಪುಟ್ಟ. ಮಳೆಗಾಲದಲ್ಲಿ ಉಂಬಳ, ಅಂದರೆ ಕಾಡಿನ ಜಿಗಣೆ, ದಿನಕ್ಕೆ ಎರಡು ಮೂರು. ಕಿತ್ತು ಹಾಕುವುದು ನನಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಬರುತ್ತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಉಂಬಳ ಏನೋ ಬಿಟ್ಟಿರುತ್ತದೆ, ಅದಕ್ಕೇ ಬಿದ್ದುಹೋದ ಮೇಲೂ ಸೋರುತ್ತಿರುತ್ತದೆ. ಗಾಜ್ ಒತ್ತಿ ಹಿಡಿದು ಒಂದು ಸುತ್ತು ಕಟ್ಟಿದರೆ ಆಯಿತು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಜೇನು ಜಾಸ್ತಿ, ಒಬ್ಬನಿಗೆ ಹುಬ್ಬಿಗೆ ಕುಟುಕಿತು. ಮುಳ್ಳು ತೆಗೆದು, ಒದ್ದೆ ಬಟ್ಟೆ ಇಟ್ಟು, ಉಸಿರು, ತುಟಿ ನೋಡುತ್ತಾ ಅರ್ಧ ಗಂಟೆ ಪಕ್ಕದಲ್ಲೇ ಕೂರಿಸಿಕೊಂಡೆ. ಸಾರು ಚೆಲ್ಲಿ ಅಕ್ಕನದೇ ಕೈ ಸುಟ್ಟಿತು. ಟೂತ್‌ಪೇಸ್ಟ್ ಕಸಿದುಕೊಂಡು ಇಪ್ಪತ್ತು ನಿಮಿಷ ನಲ್ಲಿ ಕೆಳಗೆ ಹಿಡಿಸಿದೆ. ಆವತ್ತೂ ಮಗ್ಗಿ ಹೇಳಿದರು, ನಾಲ್ಕು ಸುತ್ತು.

ಡಬ್ಬಿಯಲ್ಲಿ ತಪ್ಪೇ ಇಲ್ಲ ಅಂತಲ್ಲ. ಗ್ಲೌಸ್ ಎಲ್ಲ ದೊಡ್ಡ ಗಂಡಸರ ಅಳತೆ, ನನ್ನ ಕೈಯಲ್ಲಿ ಬೆರಳ ತುದಿ ಜೋಲುತ್ತದೆ, ಗಾಜ್ ಪೊಟ್ಟಣ ಹರಿಯಲು ಆಗುವುದಿಲ್ಲ. ಸಲೈನ್ 500 ಎಂಎಲ್‌ನದ್ದು ಕೊಟ್ಟರು. ಒಮ್ಮೆ ತೆರೆದ ಮೇಲೆ ಅದನ್ನು ವಾರಗಟ್ಟಲೆ ಇಡುವಂತಿಲ್ಲ, ಮುಕ್ಕಾಲು ಬಾಟ್ಲಿ ಚೆಲ್ಲಿದೆ. ನೀವು ತರುವುದಾದರೆ 100 ಎಂಎಲ್‌ನದ್ದೇ ಕೇಳಿ. ಥರ್ಮಾಮೀಟರಿನ ಸೆಲ್ಲು ಎರಡೇ ತಿಂಗಳಿಗೆ ಹೋಯಿತು, ಬೇರೆ ಸೆಲ್ಲಿಗಾಗಿ ಮೂರು ವಾಚ್ ಅಂಗಡಿ ಸುತ್ತಿದೆ. ಕ್ಯಾಲಮೈನ್ ಲೋಷನ್ ನಾಲ್ಕೇ ತಿಂಗಳು ಬಾಕಿ ಇದ್ದದ್ದು ಕೊಟ್ಟಿದ್ದರು. ಮುಚ್ಚಳದ ಕಾಗದದಲ್ಲಿ ಅವರೇ ಬರೆದ ತಿಂಗಳು ನೋಡಿ ವಾಪಸ್ ಒಯ್ದೆ. ಯಜಮಾನರು ಮಗಳ ಕಡೆ ನೋಡಿದರು, ಮಗಳು ಅವರ ಕಡೆ ನೋಡಿದಳು, ಹೊಸದು ಬಂತು. ಮುಚ್ಚಳದ ಕ್ಲಿಪ್ಪು ಒಂದು ಆಗಲೇ ಮುರಿದಿದೆ. ಮುಖ್ಯವಾದ ತಕರಾರು ಬಿಲ್ಲಿನದ್ದು. ಮೊದಲ ಸಲ ಬಿಳಿ ಚೀಟಿಯಲ್ಲಿ ಬರೆದು ಕೊಟ್ಟರು. ಸರಿಯಾದ ಬಿಲ್ಲಿಗೆ ಎರಡು ಸಲ ಬಸ್ ಹತ್ತಿ ಹೋದೆ. ಆ ಬಸ್ ಚಾರ್ಜು ಯಾವ ಅನುದಾನದಲ್ಲೂ ಬರೆಯಲು ಬರುವುದಿಲ್ಲ.

ಆದರೂ ಲೆಕ್ಕ ನೋಡಿ. ಡಬ್ಬಿ ಬಂದಾಗಿನಿಂದ ತೆಗೆದಾಗಲೆಲ್ಲ ಒಂದು ಹಳೇ ನೋಟ್‌ಬುಕ್ಕಿನಲ್ಲಿ ತಾರೀಕು, ಮಗುವಿನ ಕ್ಲಾಸು, ಏನು ಬಳಸಿದೆವು ಬರೆಯುತ್ತಿದ್ದೇವೆ. ಅಕ್ಕ ತೆಗೆದರೆ ಹನಿ, ಹುಳ, ಲೋಟದ ಚಿತ್ರ ಬರೆಯುತ್ತಾಳೆ. ಈ ಮಾರ್ಚ್ ತನಕ 63 ಸಲ. ಅದರಲ್ಲಿ 41 ಬರೀ ತರಚು ಗಾಯ, ನೀರು ಸೋಪು ಒಂದು ಗಾಜ್ ತುಂಡು. ಪೆಟ್ಟಾದ ಕೈಯನ್ನು ಕೊರಳಿಗೆ ಜೋಲಿ ಕಟ್ಟುವ ತ್ರಿಕೋನ ಬಟ್ಟೆ ಒಮ್ಮೆಯೂ ತೆಗೆದಿಲ್ಲ. ವರ್ಷಕ್ಕೊಮ್ಮೆ ಮಕ್ಕಳನ್ನು ನೋಡಲು ಬರುವ ಸರ್ಕಾರದ ಆರೋಗ್ಯ ತಪಾಸಣೆಯ (ಆರ್‌ಬಿಎಸ್‌ಕೆ) ಟೀಮಿನ ಡಾಕ್ಟರು ಆ ಪುಸ್ತಕ ತಿರುವಿ, ಒಂದೇ ಹುಡುಗನಿಗೆ ಐದು ಸಲ ಮೂಗಿನಲ್ಲಿ ರಕ್ತ ಬಂದದ್ದನ್ನು ಹಿಡಿದರು. ನಾನು ಪ್ರತಿ ಸಲ ಅವನನ್ನು ಮುಂದಕ್ಕೆ ಬಗ್ಗಿಸಿ ಹತ್ತು ನಿಮಿಷ ಮೂಗು ಹಿಡಿಸಿ ಕಳಿಸಿದ್ದೆ. ಐದು ಸಲ ಅಂತ ನನಗೆ ಹೊಳೆದೇ ಇರಲಿಲ್ಲ. ಚಿಕ್ಕಮಗಳೂರಿಗೆ ಬರೆದುಕೊಟ್ಟರು, ತೋರಿಸಿಕೊಂಡು ಬಂದಿದ್ದಾನೆ.

ಇನ್ನು ಸಿಕ್ಕಿಬಿದ್ದ ಕಥೆ. ಹೋದ ವಾರ ಸಾಹುಕಾರರ ಮನೆಯವರು ಶಾಲೆಗೆ ಬಂದರು, ವಾರ್ಷಿಕೋತ್ಸವದ ಬಹುಮಾನದ ವಿಷಯ ಮಾತಾಡಲು. ಗೋಡೆಯ ಮೊಳೆಗೆ ಕೆಂಪು ಚೀಲ ನೇತಾಡುತ್ತಿತ್ತು. ಅದನ್ನು ನೋಡಿ ಅವರಿಗೆ ಖುಷಿಯಾಯಿತು. "ಉಪಯೋಗಕ್ಕೆ ಬಂತಾ ಟೀಚರ್?" ನಾನು ಬಾಯಿ ತೆರೆಯುವ ಮೊದಲೇ ಒಂದನೇ ಕ್ಲಾಸಿನ ಪುಟ್ಟಿ ಎದ್ದು ನಿಂತಳು. "ಅದ್ರಲ್ಲಿ ನಲಿಕಲಿ ಪಾಠದ ಕಾರ್ಡ್ ಇದೆ ಮೇಡಂ. ಗಾಯದ ಡಬ್ಬಿ ಅಲ್ಲಿದೆ."

ನನ್ನ ಮುಖ ಹೇಗಿತ್ತೋ. ಅವರು ಅಕ್ಕಿ ಡಬ್ಬಿಯ ಹತ್ತಿರ ಹೋಗಿ ಕ್ಲಿಪ್ಪು ತೆಗೆದರು. ಮುಚ್ಚಳದ ಕಾಗದ ಓದಿದರು. ಮೀನಿನಂಥ ಹುಳ ನೋಡಿ ಇದೇನು ಅಂತ ಕೇಳಿದರು. ನೋಟ್‌ಬುಕ್ ತಿರುವಿದರು. ದಿಕ್ಸೂಚಿ ಪರಿಸರ ಪಾಠಕ್ಕೆ ಬಳಸುತ್ತಿದ್ದೇವೆ, ವಿಷಲ್ಲು ಆಟಕ್ಕೆ, ಬೆಳ್ಳಿ ಹೊದಿಕೆ ವಾರ್ಷಿಕೋತ್ಸವದಲ್ಲಿ ರಾಜನ ಕಿರೀಟಕ್ಕೆ ಅಂತ ನಾನು ಒಂದೇ ಉಸಿರಿಗೆ ಹೇಳಿದೆ.

"ನಮ್ಮ ಲೈನ್ ಮನೆ ಹತ್ರಾನೂ ಇಂಥದ್ದೊಂದು ಇಡ್ಬೇಕು ಟೀಚರ್" ಅಂದರು. "ಆ ಅಂಗಡಿ ಎಲ್ಲಿ ಬರುತ್ತೆ?"

ದಾರಿ ಹೇಳಿದೆ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತಾರೆ, ಶನಿವಾರ ಹೋಗಿ, ಗ್ಲೌಸ್ ಚಿಕ್ಕದು ಕೇಳಿ, ಬಿಲ್ ಆವತ್ತೇ ಇಸಿದುಕೊಳ್ಳಿ ಅಂದೆ.